ಯಾವ ವರಸೆ ಹಿಡಿಯಬೇಕು?

ಕಳೆದ ಬೇಸಗೆಯ ರಜದಲ್ಲಿ ನನ್ನ ತಂಗಿಯ ಮಗನು ನಮ್ಮ ಮನೆಗೆ ಬಂದು ಒಂದು ತಿಂಗಳಿದ್ದನು. ಹುಡುಗನು ಆಗತಾನೇ ಪಿ.ಯು.ಸಿ. ಮುಗಿಸಿದ್ದನು. ಮುಂದೆ ಯಾವ ವಿದ್ಯೆಯನ್ನು ಓದತಕ್ಕದ್ದೆಂಬ ವಿಷಯದಲ್ಲಿ ತಂದೆಯ ಅಭಿಪ್ರಾಯವೊಂದು, ತಾಯಿಯ ಅಭಿಪ್ರಾಯವೊಂದು, ಅವನ ಅಭಿಪ್ರಾಯ ಇನ್ನೊಂದಾಗಿ, ಮನೆಯಲ್ಲಿ ಮಾತು ಬೆಳೆದುದರಿಂದಲೇ ಅವನನ್ನು ನನ್ನಲ್ಲಿಗೆ ಕಳುಹಿಸಿದ್ದರೆಂದು ಹೇಳಬಹುದು. ಒಂದು ರಾತ್ರಿ ಊಟವಾದ ತರುವಾಯ ನಾನು ಪತ್ರಿಕೆಯನ್ನು ಹಿಡಿದು ಕುಳಿತಿರಲು, ಅವನು ಪಕ್ಕದ ಕೋಣೆಯಿಂದ, "ಮಾವ, ಯಾವುದನ್ನು ಹಿಡಿಯಲಿ? ನೀವೇ ಹೇಳಿ" ಎಂದು ಕೇಳಿದನು. ಈ ಪ್ರಶ್ನೆಗಾಗಿ ನಾನು ಮೂರು ದಿನಗಳಿಂದಲೂ ಕಾದಿದ್ದೆನು. ಕನ್ನಡಕವನ್ನು ತೆಗೆದಿಟ್ಟು, ಎಂಜಿನಿಯರಿಂಗ್ ವಿದ್ಯೆಯ ಗುಣದೋಷಗಳನ್ನೂ, ಶುದ್ಧ ವಿಜ್ಞಾನದ ಹಿರಿಮೆಯನ್ನೂ, ವಾಣಿಜ್ಯದಲ್ಲಿರುವ ಅನುಕೂಲಗಳನ್ನೂ ಐದು ನಿಮಿಷಗಳ ಕಾಲ ವಿಸ್ತಾರವಾಗಿ ವಿವರಿಸಿದೆನು. ಅವನು ಸಮಾಧಾನದಿಂದ ಎಲ್ಲವನ್ನೂ ಕೇಳಿ, "ಅದಲ್ಲ ಮಾವ, ಖಡ್ಗವೋ ದೊಣ್ಣೆಯೋ ಎಂದು ಕೇಳಿದೆ" ಎಂದನು.

ಹೋಗಿ ನೋಡಲು, ಕಂಪ್ಯೂಟರಿನ ಪರದೆಯ ಮೇಲೆ ಒಂದು ಗುರುಕುಲದ ಅಂಗಳವೂ, ಅದರಲ್ಲಿ ಕೈಕಟ್ಟಿ ನಿಂತ ಒಬ್ಬ ಯುವಕನೂ ಕಾಣಿಸಿದರು. ಇದು 'ಜೇಡ್ ಎಂಪೈರ್' ಎಂಬ ವಿಡಿಯೋ ಆಟ. ಚೀನೀಯರು ಬಹಳವಾಗಿ ಆದರಿಸುವ ಹಸುರು ಕಲ್ಲಿಗೆ ಜೇಡ್ ಎಂದು ಹೆಸರು; ಆ ಹೆಸರಿನ ಸಾಮ್ರಾಜ್ಯವೊಂದು ಆಟದ ರಂಗಸ್ಥಳ. ನಮ್ಮ ವಾಚಕರಲ್ಲಿ ಅನೇಕರ ಮನೆಗಳಲ್ಲಿ ಇಂಥ ಆಟಗಳು ನಡೆಯುತ್ತಿರಬೇಕು, ಬಾಗಿಲಿನಾಚೆಯಿಂದ ಖಣಖಣಶಬ್ದವನ್ನು ಕೇಳಿ, "ಇನ್ನೂ ಮಲಗಲಿಲ್ಲವೆ?" ಎಂದು ಗದರುವುದರ ಹೊರತು ಒಳಗೆ ಏನು ನಡೆಯುತ್ತಿದೆಯೆಂದು ನಾವು ವಿಚಾರಿಸುವುದಿಲ್ಲ. ನಾನೂ ಅದುವರೆಗೆ ವಿಚಾರಿಸಿದವನಲ್ಲ. ಆ ರಾತ್ರಿ ಕುಳಿತವನು ತರುವಾಯ ಹದಿನೈದು ರಾತ್ರಿಗಳು ಕುಳಿತೆನೆಂಬುದನ್ನು ಸಂಕೋಚದಿಂದಲೇ ಒಪ್ಪಿಕೊಳ್ಳುತ್ತೇನೆ.

ಆಟದ ಮೂಲವನ್ನು ಮೊದಲು ಹೇಳಿಬಿಡುವುದು ಒಳ್ಳೆಯದು. ಕೆನಡಾ ದೇಶದ ಎಡ್ಮಂಟನ್ ನಗರದಲ್ಲಿ 1995ನೆಯ ಇಸವಿಯಲ್ಲಿ ರೇ ಮುಜೈಕಾ, ಗ್ರೆಗ್ ಜೆಶ್ಚುಕ್, ಆಗಸ್ಟಿನ್ ಯಿಪ್ ಎಂಬ ಮೂವರು ವೈದ್ಯರು ಬಯೋವೇರ್ ಎಂಬ ಸಂಸ್ಥೆಯನ್ನು ಸ್ಥಾಪಿಸಿದರು. ನಾಡಿ ಹಿಡಿಯಬೇಕಾದ ಕೈಗಳು ಆಟದ ಕಡೆಗೆ ಹೇಗೆ ತಿರುಗಿದವೋ, ಅದು ಬೇರೆಯ ಕಥೆ. 1998ರಲ್ಲಿ ಇವರ ಸಂಸ್ಥೆ ಹೊರಡಿಸಿದ 'ಬಾಲ್ಡರ್ಸ್ ಗೇಟ್' ಎಂಬ ಆಟವು ಲೋಕಪ್ರಸಿದ್ಧವಾಯಿತು. ಅದಕ್ಕೆ ಆಧಾರವಾದುದು ಮೇಜಿನ ಸುತ್ತ ಕುಳಿತು ದಾಳ ಉರುಳಿಸಿ ಆಡುವ 'ಡಂಜನ್ಸ್ ಅಂಡ್ ಡ್ರ್ಯಾಗನ್ಸ್' ಎಂಬ ಆಟದ ನಿಯಮಾವಳಿ. ಇಂಥವುಗಳಿಗೆ ಪಾತ್ರಧಾರಣೆಯ ಆಟಗಳೆನ್ನುತ್ತಾರೆ. ಆಡುವವನು ಒಂದು ಪಾತ್ರವನ್ನು ಹೊತ್ತು, ಅದರ ಮಾತನ್ನೂ ನಡತೆಯನ್ನೂ ವಿದ್ಯೆಯನ್ನೂ ತಾನೇ ನಿರ್ಣಯಿಸುತ್ತ ದೊಡ್ಡದೊಂದು ಕಥೆಯನ್ನು ಮುಗಿಸಬೇಕು. ಆದರೆ ಹಿಂದಿನ ಆಟಗಳಲ್ಲಿ ನಾವು "ಹೊಡೆ" ಎಂದು ಅಪ್ಪಣೆ ಕೊಟ್ಟರೆ, ಪೆಟ್ಟು ತಗುಲಿತೋ ಇಲ್ಲವೋ ಎಂಬುದನ್ನು ಯಂತ್ರದೊಳಗಿನ ಕಾಣದ ದಾಳವೇ ತೀರ್ಮಾನಿಸುತ್ತಿತ್ತು. 2005ರ ಏಪ್ರಿಲ್ ತಿಂಗಳಲ್ಲಿ ಎಕ್ಸ್‌ಬಾಕ್ಸ್ ಯಂತ್ರಕ್ಕಾಗಿ ಹೊರಬಂದ ಜೇಡ್ ಎಂಪೈರಿನಲ್ಲಿ ದಾಳವನ್ನು ಬದಿಗಿಟ್ಟು, ಪೆಟ್ಟನ್ನು ಆಡುವವನ ಬೆರಳಿಗೇ ಒಪ್ಪಿಸಿದರು. 2007ರಲ್ಲಿ ಅದು ಕಂಪ್ಯೂಟರಿಗೂ, 2016ರಲ್ಲಿ ಐಫೋನಿಗೂ ಬಂದಿತು. ನಮ್ಮ ಹುಡುಗನಿಗಿಂತ ಈ ಆಟಕ್ಕೆ ವಯಸ್ಸು ಹೆಚ್ಚು; ಆದರೂ ಅವನ ವಯಸ್ಸಿನವರು ಹುಡುಕಿ ಆಡುತ್ತಾರೆಂದರೆ ಅದರಲ್ಲಿ ಸತ್ತ್ವವಿರಲೇಬೇಕು.

ಕಥೆಯು ಟೂ ರಿವರ್ಸ್, ಎಂದರೆ ಎರಡು ಹೊಳೆ, ಎಂಬ ಹಳ್ಳಿಯಲ್ಲಿ ಆರಂಭವಾಗುತ್ತದೆ. ಅಲ್ಲಿ ಲೀ ಎಂಬ ವೃದ್ಧಗುರುವಿನ ಮಲ್ಲವಿದ್ಯಾಶಾಲೆ. ನಮ್ಮ ಪಾತ್ರವು ಆ ಗುರುವು ಮಗುವಿನಿಂದಲೂ ಸಾಕಿ ಬೆಳೆಸಿದ ಅನಾಥ ಶಿಷ್ಯ. ಆಟದ ಮೊದಲಲ್ಲಿಯೇ ಕೆಲವು ಆಕೃತಿಗಳನ್ನು ಮುಂದಿಟ್ಟು ಒಂದನ್ನು ಆರಿಸಿಕೊಳ್ಳೆನ್ನುತ್ತಾರೆ. ಕಮಲಪುಷ್ಪವೆಂಬ ಬಿರುದುಳ್ಳ ವೂ ಎಂಬ ಹೆಣ್ಣು, ಉಗ್ರನೆಂಬ ಬಿರುದಿನ ಮಿಂಗ್ ಎಂಬ ಗಂಡು, ಪಂಡಿತೆಯೆನಿಸಿದ ಲಿಂಗ್ ಮೊದಲಾದವರು. ಒಬ್ಬೊಬ್ಬರಲ್ಲಿ ದೇಹ, ಪ್ರಾಣ, ಮನಸ್ಸು ಎಂಬ ಮೂರು ಗುಣಗಳ ಪ್ರಮಾಣ ಬೇರೆಬೇರೆ. ದೇಹವು ಹೆಚ್ಚಿದಷ್ಟೂ ಪೆಟ್ಟನ್ನು ತಡೆಯುವ ಆರೋಗ್ಯ ಹೆಚ್ಚು. ಪ್ರಾಣವು ಹೆಚ್ಚಿದರೆ ಚೀನೀಯರು 'ಚೀ' ಎನ್ನುವ ಅಂತಃಶಕ್ತಿ ಹೆಚ್ಚು; ಇದರಿಂದ ಗಾಯವನ್ನು ಮಾಯಿಸಿಕೊಳ್ಳಬಹುದು, ಮುಷ್ಟಿಗೆ ಬಲವನ್ನು ತುಂಬಬಹುದು, ಮಾಂತ್ರಿಕ ವರಸೆಗಳನ್ನು ಪ್ರಯೋಗಿಸಬಹುದು. ಮನಸ್ಸು ಹೆಚ್ಚಿದರೆ ಏಕಾಗ್ರತೆ ಹೆಚ್ಚು. ಆಯುಧವನ್ನು ಬೀಸುವುದಕ್ಕೂ, ಕಾಲವೇ ನಿಧಾನವಾಯಿತೋ ಎಂಬಂತೆ ಎದುರಾಳಿಯ ಚಲನೆಯನ್ನು ಮಂದಗತಿಯಲ್ಲಿ ಕಂಡು ಹೊಡೆಯುವುದಕ್ಕೂ ಇದು ಬೇಕು. ಗಡಿಗೆಯ ನೀರಿನಂತೆ ಚೀಯೂ ಏಕಾಗ್ರತೆಯೂ ಬಳಸಿದಷ್ಟೂ ಕರಗುತ್ತವೆ.

ಇನ್ನು ಕಾಳಗದ ವ್ಯಾಕರಣ. ಇದನ್ನು ಅರಿಯದೆ ವರಸೆಗಳ ಮಾತು ಅರ್ಥವಾಗದು. ಶೀಘ್ರವಾದ ಪೆಟ್ಟು, ಬಲವಾದ ಪೆಟ್ಟು, ತಡೆ ಎಂದು ಮೂರು ಮುಖ್ಯ ಕ್ರಿಯೆಗಳು. ತಡೆಯು ಶೀಘ್ರವಾದ ಪೆಟ್ಟನ್ನು ನಿಲ್ಲಿಸುತ್ತದೆ. ಬಲವಾದ ಪೆಟ್ಟು ತಡೆಯನ್ನು ಒಡೆಯುತ್ತದೆ. ಆದರೆ ಬಲವಾದ ಪೆಟ್ಟಿಗೆ ಕೈಯನ್ನು ಹಿಂದಕ್ಕೆಳೆದು ಅಣಿಯಾಗಲು ಕೊಂಚ ಕಾಲ ಬೇಕು. ಅಷ್ಟರಲ್ಲಿ ಎದುರಾಳಿ ಶೀಘ್ರವಾಗಿ ಹೊಡೆದನಾದರೆ ಆ ಯತ್ನವು ಕೆಟ್ಟುಹೋಗುತ್ತದೆ. ಹೀಗೆ ಒಂದಕ್ಕೊಂದು ಮೇಲು, ಒಂದಕ್ಕೊಂದು ಕೀಳು. ನಮ್ಮ ಗರಡಿಗಳಲ್ಲಿ ಪ್ರತಿಯೊಂದು ಪಟ್ಟಿಗೂ ಬಿಡಿಸುವ ಪಟ್ಟೊಂದಿರುವುದನ್ನು ಬಲ್ಲವರಿಗೆ ಇದು ಹೊಸದಲ್ಲ. ನಾಲ್ವರು ಸುತ್ತುವರಿದಾಗ ಸುತ್ತಲೂ ಬೀಸಿ ಬೀಳಿಸುವ ಪೆಟ್ಟು ಬೇರೆ ಇದೆ.

ಈ ವ್ಯಾಕರಣದ ಮೇಲೆ ಕಟ್ಟಿದ ವರಸೆಗಳನ್ನು ಐದು ಪಂಗಡಗಳಾಗಿ ವಿಂಗಡಿಸಿದ್ದಾರೆ. ಬರಿಗೈಯ ವರಸೆ, ಆಯುಧದ ವರಸೆ, ಮಾಂತ್ರಿಕ ವರಸೆ, ಸಹಾಯಕ ವರಸೆ, ರೂಪಾಂತರದ ವರಸೆ. ಬರಿಗೈಯ ವರಸೆಗಳಲ್ಲಿ 'ಲೆಜೆಂಡರಿ ಸ್ಟ್ರೈಕ್' ಎಂಬುದು ವೇಗ ಬಲಗಳೆರಡರಲ್ಲಿಯೂ ಮಧ್ಯಮ. ಮನೆಯ ಅನ್ನದಂತೆ ಎಂದಿಗೂ ಕೈಬಿಡದು. 'ಥೌಸಂಡ್ ಕಟ್ಸ್', ಎಂದರೆ ಸಾವಿರ ಪೆಟ್ಟು, ಹೆಸರೇ ಹೇಳುವಂತೆ ಕಣ್ಣು ಮಿಟುಕಿಸುವಷ್ಟರಲ್ಲಿ ನಾಲ್ಕಾರು ಪೆಟ್ಟುಗಳನ್ನು ಸುರಿಸುವುದು, ಆದರೆ ಒಂದೊಂದು ಪೆಟ್ಟಿನ ತೂಕವು ಅಲ್ಪ. 'ವೈಟ್ ಡೀಮನ್' ನಿಧಾನವಾದರೂ ದೂರಕ್ಕೆ ನಿಲುಕುವುದು. ಆಯುಧಗಳಲ್ಲಿ ಮೊದಲು ದೊರೆಯುವುವೇ ನಮ್ಮ ಹುಡುಗನು ಕೇಳಿದ ಖಡ್ಗ ಮತ್ತು ದೊಣ್ಣೆ. ಎರಡರಲ್ಲಿ ಒಂದನ್ನು ಶಾಲೆಯಲ್ಲಿದ್ದಾಗಲೇ ಆರಿಸಿಕೊಳ್ಳಬೇಕು. ಖಡ್ಗಕ್ಕೆ ವೇಗ, ದೊಣ್ಣೆಗೆ ನಿಲುಕು. ಮಾಂತ್ರಿಕ ವರಸೆಗಳು ಪಂಚಭೂತಗಳನ್ನು ನೆನಪಿಗೆ ತರುತ್ತವೆ. ಒಂದು ಬೆಂಕಿಯನ್ನುಗುಳುವುದು, ಒಂದು ಶತ್ರುವನ್ನು ಮಂಜಿನೊಳಗೆ ಹೆಪ್ಪುಗಟ್ಟಿಸುವುದು, ಒಂದು ಕಲ್ಲಾಗಿಸುವುದು, ಒಂದು ಬಿರುಗಾಳಿಯನ್ನೆಬ್ಬಿಸುವುದು.

ನನಗೆ ಅತ್ಯಂತ ಸ್ವಾರಸ್ಯವಾಗಿ ತೋರಿದುವು ಸಹಾಯಕ ವರಸೆಗಳು. ಇವುಗಳಲ್ಲಿ ಹೆಚ್ಚಿನವು ತಾವಾಗಿ ಯಾರನ್ನೂ ಕೊಲ್ಲವು. 'ಹೆವನ್ಲಿ ವೇವ್' ಎಂಬುದು ಎದುರಾಳಿಯ ಚಲನೆಯನ್ನು ಮಂದಗೊಳಿಸುತ್ತದೆ. 'ಪ್ಯಾರಲೈಸಿಂಗ್ ಪಾಮ್' ಎಂಬುದು ಅಂಗೈಯ ಏಟಿನಿಂದ ಅವನನ್ನು ಅಲುಗಾಡದಂತೆ ನಿಲ್ಲಿಸುತ್ತದೆ. 'ಸ್ಪಿರಿಟ್ ಥೀಫ್', ಎಂದರೆ ಪ್ರಾಣಚೋರ, ಅವನ ಚೀಯನ್ನು ಕದ್ದು ನಮ್ಮ ಗಡಿಗೆಗೆ ತುಂಬುತ್ತದೆ. ಮೊದಲು ನೋಡಿದವನಿಗೆ, ಪೆಟ್ಟಾಗದ ವರಸೆಯನ್ನು ಕಲಿತು ಫಲವೇನು ಎನ್ನಿಸುವುದು ಸಹಜ. ನನಗೂ ಹಾಗೆಯೇ ಎನ್ನಿಸಿತ್ತು. ಫಲವು ಜೋಡಣೆಯಲ್ಲಿದೆ. ಸಹಾಯಕ ಅಥವಾ ಮಾಂತ್ರಿಕ ವರಸೆಯೊಂದರ ಬಲವಾದ ಪೆಟ್ಟನ್ನು ತಗುಲಿಸಿ, ಅದರ ಪ್ರಭಾವವು ಇಳಿಯುವುದರೊಳಗಾಗಿ ಬರಿಗೈಯ ವರಸೆಗೆ ತಿರುಗಿ ಅದರ ಬಲವಾದ ಪೆಟ್ಟನ್ನು ತಗುಲಿಸಿದರೆ, ಜೋಡಿಯು ತಕ್ಕದ್ದಾಗಿದ್ದಲ್ಲಿ, ಸಾಮಾನ್ಯ ಶತ್ರುವು ಒಮ್ಮೆಗೇ ಛಿದ್ರವಾಗುವನು. ಎರಡು ವಾದ್ಯಗಳ ಮೇಳವೆಂಬರ್ಥದ ಹೆಸರನ್ನು ಇದಕ್ಕೆ ಕೊಟ್ಟಿದ್ದಾರೆ. ಹತ್ತು ಪೆಟ್ಟಿನ ಕೆಲಸವು ಎರಡರಲ್ಲಿ ಮುಗಿಯುತ್ತದೆ. ಆದರೆ ಕೈಗೂ ಕಣ್ಣಿಗೂ ಸರಿಯಾದ ಸಮಯಜ್ಞಾನವಿರಬೇಕು.

ಇದಿಷ್ಟೂ ಐಶ್ವರ್ಯವೇ ಆಗಿದ್ದರೆ ಆರಿಸುವ ಕಷ್ಟವೆಲ್ಲಿಯದು? ಕಷ್ಟವು ಹಂಚಿಕೆಯಲ್ಲಿದೆ. ಅನುಭವ ಬೆಳೆದು ಪಾತ್ರವು ಮೇಲಿನ ಮೆಟ್ಟಿಲೇರಿದಾಗಲೆಲ್ಲ ಕೆಲವೇ ಅಂಕಗಳು ದೊರೆಯುತ್ತವೆ. ಇವುಗಳನ್ನು ಇಂಥ ವರಸೆಯ ಪೆಟ್ಟಿನ ತೀಕ್ಷ್ಣತೆಗೆ, ಇಂಥದರ ವೇಗಕ್ಕೆ ಎಂದು ಹಾಕಬೇಕು. ಒಮ್ಮೆ ಹಾಕಿದುದನ್ನು ಹಿಂತೆಗೆಯುವ ಮಾರ್ಗವಿಲ್ಲ. ಹೊಸ ವರಸೆಗಳೋ ದಾರಿಯುದ್ದಕ್ಕೂ ಆಸೆ ತೋರಿಸುತ್ತಲೇ ಇರುತ್ತವೆ. ಕೆಲವನ್ನು ಗುರುಗಳು ಕಲಿಸುವರು, ಕೆಲವು ಸೋತವರಿಂದ ದೊರೆಯುವುವು, ಕೆಲವನ್ನು ಹಣ ಕೊಟ್ಟು ಕೊಳ್ಳಬೇಕು. ಮಾರುವವರಲ್ಲಿ ಒಬ್ಬನು ಜಿನ್ ಬೂ ಎಂಬ ಸ್ವರ್ಗಲೋಕದ ಗುಮಾಸ್ತ. ವೀರರು ಹೋದಲ್ಲೆಲ್ಲ ಒಡೆದು ಹಾಳುಮಾಡಿದ ಆಸ್ತಿಯ ಲೆಕ್ಕವನ್ನು ಬರೆಯುವುದು ಅವನ ಉದ್ಯೋಗ, ಹಾಗೆಯೇ ಕೊಂಚ ವ್ಯಾಪಾರ. ಇವನನ್ನು ಕಂಡಾಗಲೆಲ್ಲ ನನಗೆ ನಗು ಬರುತ್ತಿತ್ತು. ಇತ್ತ ಎಕ್ಸ್‌ಬಾಕ್ಸ್ ಯಂತ್ರದ ಹಿಡಿಕೆಯಲ್ಲಿ ನಾಲ್ಕು ದಿಕ್ಕುಗಳ ಗುಂಡಿಯೊಂದಿದೆ. ದಿಕ್ಕಿಗೊಂದರಂತೆ ನಾಲ್ಕು ವರಸೆಗಳನ್ನು ಅದಕ್ಕೆ ಕಟ್ಟಿಡಬಹುದು. ಹತ್ತು ಕಲಿತವನಿಗೂ ಬೆರಳಿನ ತುದಿಯಲ್ಲಿರುವುದು ನಾಲ್ಕೇ.

ಆ ರಾತ್ರಿ ನಾನು ಖಡ್ಗವೆಂದೆನು. ಯಾವ ಆಧಾರದಿಂದಲೂ ಅಲ್ಲ. ವೀರನ ಕೈಗೆ ಖಡ್ಗವೇ ಭೂಷಣವೆಂಬ ನಾಟಕದ ಬುದ್ಧಿಯಿಂದ. ಹುಡುಗನು ಒಪ್ಪಿ, ಮುಂದಿನ ದಿನಗಳಲ್ಲಿ ಬಂದ ಅಂಕಗಳಲ್ಲಿ ಬಹುಭಾಗವನ್ನು ಆ ಖಡ್ಗಕ್ಕೇ ಸುರಿದನು. ನರಶತ್ರುಗಳೆಲ್ಲ ಬಾಳೆಯ ದಿಂಡಿನಂತೆ ಉರುಳಿದರು. ಹೀಗಿರಲು ಒಂದು ಸಂಜೆ ಪ್ರೇತಗಳ ಗುಂಪೊಂದು ಎದುರಾಯಿತು. ಈ ಆಟದಲ್ಲಿ ಪ್ರೇತಗಳಿಗೆ ಆಯುಧವು ನಾಟುವುದಿಲ್ಲ. ಖಡ್ಗವು ಹೊಗೆಯನ್ನು ಕಡಿದಂತೆ ಅತ್ತಿಂದಿತ್ತ ಹಾದುಹೋಯಿತು. ಬರಿಗೈಯ ವರಸೆಯು ಶಾಲೆಯಲ್ಲಿ ಕಲಿತಷ್ಟೇ ಎಳೆಯದಾಗಿ ಉಳಿದಿತ್ತು. ಹುಡುಗನು ಮೂರು ಸಲ ಸತ್ತು, ನನ್ನ ಕಡೆಗೆ ತಿರುಗಿ ನೋಡಿದನು. ಮಾತಾಡಲಿಲ್ಲ. ಮಾತಾಡಿದ್ದರೆ ಚೆನ್ನಾಗಿತ್ತು.

ಆ ನೋಟದ ಋಣವನ್ನು ತೀರಿಸಬೇಕೆಂದೇ ನಾನು ನನ್ನದೇ ಆದ ಪಾತ್ರವನ್ನು ಆರಂಭಿಸಿದೆನೆನ್ನಬಹುದು. ಅವನ ತಪ್ಪನ್ನು ನಾನು ಮಾಡಬಾರದೆಂದು, ಸಿಕ್ಕ ವರಸೆಗಳಿಗೆಲ್ಲ ಒಂದೊಂದು ಅಂಕವನ್ನು ನ್ಯಾಯವಾಗಿ ಹಂಚಿದೆನು. ಕೂಡುಕುಟುಂಬದ ಯಜಮಾನನು ಹಬ್ಬದ ಬಟ್ಟೆಯನ್ನು ಹಂಚುವಂತೆ. ಬೆಂಕಿಯೂ ಇತ್ತು, ಮಂಜೂ ಇತ್ತು, ಪ್ರಾಣಚೋರನೂ ಇದ್ದನು, ದೊಣ್ಣೆಯೂ ಇತ್ತು. ರಾಜಧಾನಿಯನ್ನು ಸೇರಿ, ಅಲ್ಲಿನ ಕಾಳಗದ ಕಣದಲ್ಲಿಳಿದಾಗ ನಿಜಸ್ಥಿತಿ ತಿಳಿಯಿತು. ಎದುರಾಳಿಯ ತಡೆಯನ್ನು ಒಡೆದರೂ ನನ್ನ ಯಾವ ಪೆಟ್ಟಿನಲ್ಲಿಯೂ ತೂಕವಿಲ್ಲ. ಇದನ್ನು ಬಿಟ್ಟು ಅದು, ಅದನ್ನು ಬಿಟ್ಟು ಇದು ಎಂದು ವರಸೆಗಳನ್ನು ಬದಲಾಯಿಸುತ್ತಿರುವಾಗಲೇ ಚೀಯು ಬರಿದಾಗಿ, ಮಾಂತ್ರಿಕ ವರಸೆಗಳು ನಿಷ್ಪ್ರಯೋಜಕವಾದವು. ಹುಡುಗನು ಹಿಂದೆ ನಿಂತು ನೋಡುತ್ತಿದ್ದವನು, "ಮಾವ, ನಿಮಗೆ ಎಲ್ಲವೂ ಬರುತ್ತದೆ" ಎಂದನು. ಅದರಲ್ಲಿ ವ್ಯಂಗ್ಯವಿತ್ತೆಂದು ನನಗೆ ಎರಡು ನಿಮಿಷಗಳ ತರುವಾಯ ಹೊಳೆಯಿತು. ಅವನ ತಾಯಿಯು ಚಿಕ್ಕಂದಿನಲ್ಲಿ ಹೀಗೆಯೇ ಮಾತಾಡುತ್ತಿದ್ದಳು.

ಇಬ್ಬರೂ ಸೇರಿ ಮತ್ತೆ ಮೊದಲಿನಿಂದ ಆರಂಭಿಸಿದೆವು. ಈ ಸಲ ಕಂಡುಕೊಂಡ ಕ್ರಮವನ್ನು, ಆಡಬಯಸುವವರ ಉಪಯೋಗಕ್ಕಾಗಿ ಹೇಳುತ್ತೇನೆ. ಒಂದು ಬರಿಗೈಯ ವರಸೆಯನ್ನು ಬೆನ್ನೆಲುಬಾಗಿ ಹಿಡಿದು ಬಂದ ಅಂಕಗಳಲ್ಲಿ ಅರ್ಧಕ್ಕೂ ಮಿಗಿಲಾಗಿ ಅದಕ್ಕೇ ಕೊಡಬೇಕು. ಅದರ ಮೇಳಕ್ಕೆ ಹೊಂದುವ ಸಹಾಯಕ ವರಸೆಯೊಂದಿರಬೇಕು. ಇದಕ್ಕೆ ಅಂಕವು ಹೆಚ್ಚು ಬೇಡ, ಕೈವಾಡವಷ್ಟೇ ಸಾಕು. ಮೂರನೆಯದಾಗಿ ಆಯುಧ, ಏಕೆಂದರೆ ಚೀಯು ಮುಗಿದಾಗಲೂ ಏಕಾಗ್ರತೆಯ ಗಡಿಗೆಯು ಬೇರೆಯಾಗಿ ಉಳಿದಿರುತ್ತದೆ. ನಾಲ್ಕನೆಯ ಸ್ಥಾನವನ್ನು ಪ್ರಾಣಚೋರನಿಗೆ ಕೊಟ್ಟೆವು. ಗಾಯವನ್ನು ಮಾಯಿಸಲು ಚೀಯು ವೆಚ್ಚವಾದಂತೆಲ್ಲ ಶತ್ರುವಿನಿಂದಲೇ ಅದನ್ನು ವಸೂಲು ಮಾಡುತ್ತಿದ್ದರೆ ಖಜಾನೆಯು ಬರಿದಾಗದು. ಒಂದೊಂದು ವರಸೆಯೂ ಒಂದೊಂದು ಬೇರೆ ಕೊರತೆಯನ್ನು ತುಂಬಬೇಕು. ಎರಡು ಬೇಗದ ವರಸೆಗಳನ್ನಿಟ್ಟುಕೊಂಡರೆ ಒಂದು ದಂಡವೇ ಸರಿ.

ಮಾಂತ್ರಿಕ ವರಸೆಗಳನ್ನು ಹುಡುಗರು ಬಹಳ ಹೊಗಳುತ್ತಾರೆ. ದೂರದಿಂದ ಹೊಡೆಯಬಹುದೆಂಬುದು ನಿಜ. ಆದರೆ ಪ್ರತಿ ಉರಿಗೂ ಚೀಯನ್ನು ತೆರಬೇಕು. ಆ ಚೀಯೇ ನಮ್ಮ ಔಷಧವೂ ಆಗಿರುವುದರಿಂದ, ಔಷಧದ ಹಣದಿಂದ ಬಾಣಬಿರುಸು ಕೊಂಡಂತಾಗುವುದೆಂದು ನನ್ನ ಮತ. ಕಪ್ಪೆಯ ರಾಕ್ಷಸನಾಗಿ, ಕುದುರೆಯ ರಾಕ್ಷಸನಾಗಿ, ಕಲ್ಲಿನ ದೈತ್ಯನಾಗಿ ಮಾರ್ಪಡುವ ರೂಪಾಂತರದ ವರಸೆಗಳು ನೋಟಕ್ಕೆ ಬಹು ಭವ್ಯ. ಅವು ಆ ರೂಪದಲ್ಲಿರುವಷ್ಟು ಕಾಲವೂ ಚೀಯನ್ನು ಕುಡಿಯುತ್ತಲೇ ಇರುತ್ತವೆ. ಆಟದಲ್ಲಿಯೂ ಒಂದು ದೋಷವುಂಟೆಂದು ಹೇಳದಿದ್ದರೆ ಪಕ್ಷಪಾತವಾದೀತು. ಮಂದಗತಿಯ ಏಕಾಗ್ರತೆಯನ್ನೂ ಒಂದು ಒಳ್ಳೆಯ ಜೋಡಿಯನ್ನೂ ಕೈಗೂಡಿಸಿಕೊಂಡವನಿಗೆ ಮುಂದಿನ ಕಾಳಗಗಳು ತೀರ ಸುಲಭ. ಇಷ್ಟು ಬಗೆಯ ವರಸೆಗಳನ್ನು ಕಲ್ಪಿಸಿದವರು ಅವುಗಳನ್ನು ಬಳಸಲೇಬೇಕಾದ ಪ್ರಸಂಗಗಳನ್ನು ಇನ್ನಷ್ಟು ಕಲ್ಪಿಸಬಹುದಾಗಿತ್ತು.

ಒಂದು ವರಸೆಯನ್ನು ಮಾತ್ರ ವಿನೋದಕ್ಕಾಗಿಯೇ ಇಟ್ಟಿದ್ದಾರೆ. ಹೌ ಎಂಬ ಸಂಗಡಿಗನೊಬ್ಬನಿದ್ದಾನೆ. ಹಿಂದೆ ಕಣದಲ್ಲಿ ಹೆಸರಾಂತ ಮಲ್ಲ, ಈಗ ಹೆಂಡತಿಗೆ ಹೆದರಿ ರೊಟ್ಟಿ ಮಾಡುವವ. ಅವನು ಜೊತೆಗಿದ್ದರೆ ಕಾಳಗದ ನಡುವೆ ನಮಗೆ ಮದ್ಯದ ಕುಡಿಕೆಗಳನ್ನು ಎಸೆಯುತ್ತಾನೆ. ಕುಡಿದ ನಾಯಕನು ತೂರಾಡುತ್ತಲೇ ಶತ್ರುವಿಗೆ ತಿಳಿಯದಂತೆ ಹೊಡೆಯುತ್ತಾನೆ. ಇದು ಕೇವಲ ಹುಚ್ಚು ಕಲ್ಪನೆಯಲ್ಲ. ಕುಡುಕನ ನಡೆಯನ್ನು ಅನುಕರಿಸುವ ಮುಷ್ಟಿಯುದ್ಧವು ಚೀನದಲ್ಲಿ ನಿಜವಾಗಿಯೂ ಉಂಟು. 1978ರಲ್ಲಿ ಜಾಕಿ ಚಾನ್ ಅಭಿನಯಿಸಿದ 'ಡ್ರಂಕನ್ ಮಾಸ್ಟರ್' ಚಲಚ್ಚಿತ್ರವು ಅದನ್ನು ಲೋಕಕ್ಕೆಲ್ಲ ಪರಿಚಯ ಮಾಡಿಸಿತು.

ಇಲ್ಲಿರುವುದು ಚೀನವೇ ಎಂದು ಮಾತ್ರ ಯಾರೂ ಭ್ರಮಿಸಬಾರದು. ಕೆನಡಾದವರು ಚೀನದ ಪುರಾಣಗಳನ್ನೂ ಚಲಚ್ಚಿತ್ರಗಳನ್ನೂ ಓದಿ ನೋಡಿ, ಮೆಚ್ಚಿ, ತಮ್ಮ ಕಲ್ಪನೆಯಿಂದ ಕಟ್ಟಿದ ದೇಶವಿದು. ಎರಡು ಕೊಡಲಿಗಳನ್ನು ಹಿಡಿದು ಕುಣಿಯುವ ಬ್ಲ್ಯಾಕ್ ವರ್ಲ್‌ವಿಂಡ್, ಎಂದರೆ ಕರಿಯ ಸುಂಟರಗಾಳಿ, ಎಂಬವನು 'ಶುಯಿಹು ಜುವಾನ್' ಎಂಬ ಪ್ರಾಚೀನ ಚೀನೀ ಕಾದಂಬರಿಯ ಲೀ ಕುಯಿಯ ಪಡಿಯಚ್ಚು. ಬಿರುದೂ ಅದೇ, ಕೊಡಲಿಗಳೂ ಅವೇ. ದೇಶದ ಹಳೆಯ ಜನರು ಆಡಲೆಂದು ಥೋ ಫಾನ್ ಎಂಬ ಭಾಷೆಯೊಂದನ್ನು ವುಲ್ಫ್ ವೈಕ್ಲಿ ಎಂಬ ಭಾಷಾಶಾಸ್ತ್ರಜ್ಞನಿಂದ ಹೊಸದಾಗಿ ರಚಿಸಿಸಿದರು. ಪರದೇಶದಿಂದ ಬಂದ ಬಡಾಯಿಕೋರ ಸರ್ ರಾಡ್ರಿಕ್ ಎಂಬೊಬ್ಬನಿದ್ದಾನೆ. ಜಾನ್ ಕ್ಲೀಸ್ ಎಂಬ ಪ್ರಖ್ಯಾತ ಹಾಸ್ಯನಟನು ಅವನಿಗೆ ಕಂಠದಾನ ಮಾಡಿದ್ದಾನೆ. ಈ ದೇಶದವರೆಲ್ಲ ಅನಾಗರಿಕರೆಂದು ಭಾಷಣ ಮಾಡುವ ಅವನನ್ನು ಮಣಿಸಿದರೆ 'ಮಿರಾಬೆಲ್' ಎಂದು ಅವನು ಮುದ್ದಿನಿಂದ ಹೆಸರಿಟ್ಟ ಬಂದೂಕು ನಮ್ಮದಾಗುವುದು. ಬಂದೂಕೂ ಒಂದು ವರಸೆಯೇ. ಅದನ್ನು ಹಿಡಿದ ಮೇಲೆ ಮುಷ್ಟಿವಿದ್ಯೆಯ ಆಟದ ಕಳೆಯೇ ಹೋಗುವುದೆಂದು ನಾವು ಅದನ್ನು ಬಳಸಲಿಲ್ಲ.

ಇನ್ನು ಮುಂದಿನದನ್ನು ಹೇಳುವ ಮೊದಲು ಒಂದು ಮಾತು. ಕಥೆಯ ಗುಟ್ಟನ್ನು ಬಿಚ್ಚದೆ ವರಸೆಗಳ ವಿಷಯವನ್ನು ಪೂರ್ತಿಯಾಗಿ ಹೇಳಲು ಸಾಧ್ಯವಿಲ್ಲ. ತಾವೇ ಆಡಿ ತಿಳಿಯಬಯಸುವ ವಾಚಕರು ಇಲ್ಲಿಗೇ ಪುಟವನ್ನು ಮಗುಚಬಹುದು.

ಲೀ ಗುರುವನ್ನು ಸಾಮ್ರಾಟನ ಕಡೆಯವರು ಸೆರೆಹಿಡಿದೊಯ್ಯುತ್ತಾರೆ. ಹಳ್ಳಿಯು ನಾಶವಾಗುತ್ತದೆ. ಗುರುವನ್ನು ಬಿಡಿಸುವುದಕ್ಕಾಗಿಯೇ ಶಿಷ್ಯನು ಕಾಡು ಊರುಗಳನ್ನು ದಾಟಿ, ವರಸೆಯ ಮೇಲೆ ವರಸೆಯನ್ನು ಕಲಿತು, ಕಡೆಗೆ ಅರಮನೆಯನ್ನು ಹೊಕ್ಕು ಸಾಮ್ರಾಟನನ್ನೇ ಸೋಲಿಸುತ್ತಾನೆ. ದಾರಿಯಲ್ಲಿ ಕೆಲವರು ಅವನ ಕಾಳಗವನ್ನು ಕಂಡು, ನಿನ್ನ ವರಸೆಯಲ್ಲೊಂದು ತೆರಪಿರುವಂತೆ ತೋರುತ್ತದೆ, ಶತ್ರುವನ್ನು ಸೆಳೆಯಲು ಬೇಕೆಂದೇ ಹೂಡಿದ ಬಲೆಯಿರಬೇಕು ಎಂಬರ್ಥದಲ್ಲಿ ಮೆಚ್ಚಿ ಮಾತಾಡುತ್ತಾರೆ. ನಾವಿಬ್ಬರೂ ಅದನ್ನು ಹೊಗಳಿಕೆಯೆಂದೇ ತಿಳಿದು ಬೀಗಿದೆವು. ಬಿಡುಗಡೆಯಾದ ಗುರುವು ಶಿಷ್ಯನೆದುರಿಗೆ ನಿಂತು, ಒಂದೇ ಪೆಟ್ಟಿನಿಂದ ಅವನನ್ನು ಕೊಲ್ಲುತ್ತಾನೆ.

ಲೀಯು ಸಾಮ್ರಾಟನ ತಮ್ಮ. ಸಿಂಹಾಸನಕ್ಕಾಗಿ ಅಣ್ಣನನ್ನು ಕೆಡಹಲು ಅವನಿಗೊಂದು ಜೀವಂತ ಆಯುಧವು ಬೇಕಾಗಿತ್ತು. ಕೆಲಸ ಮುಗಿದ ಮೇಲೆ ಆ ಆಯುಧವನ್ನು ಮುರಿಯುವ ಉಪಾಯವೂ ಬೇಕಾಗಿತ್ತು. ಆದಕಾರಣ ಮಗುವಿಗೆ ಅಡಿಯಿಡುವುದನ್ನು ಕಲಿಸಿದಂದಿನಿಂದ, ತಾನೊಬ್ಬನೇ ಕಾಣಬಲ್ಲ ದೋಷವೊಂದನ್ನು ಅದರ ವಿದ್ಯೆಯ ಬುಡದಲ್ಲಿಯೇ ನೆಟ್ಟಿದ್ದನು. ಇಪ್ಪತ್ತು ವರ್ಷಗಳ ವಾತ್ಸಲ್ಯದ ಪಾಠದಲ್ಲಿ ದಿನದಿನವೂ ಅದಕ್ಕೆ ನೀರೆರೆದಿದ್ದನು.

ಇಲ್ಲಿ ಆಟ ಕಟ್ಟಿದವರ ಜಾಣ್ಮೆಯನ್ನು ಗಮನಿಸಬೇಕು. ಆಡುವವನು ಖಡ್ಗವನ್ನು ಹಿಡಿದಿರಲಿ ದೊಣ್ಣೆಯನ್ನು ಹಿಡಿದಿರಲಿ, ಅಂಕಗಳನ್ನು ಸಾವಿರ ಪೆಟ್ಟಿಗೆ ಹಾಕಿರಲಿ ಬೆಂಕಿಗೆ ಹಾಕಿರಲಿ, ಗುರುವಿನ ಹೊರತು ಬೇರೆಯವರಿಂದಲೇ ಹೆಚ್ಚು ಕಲಿತಿರಲಿ, ಆ ಪೆಟ್ಟು ಬಿದ್ದೇ ಬೀಳುತ್ತದೆ. ಹತ್ತಾರು ಗಂಟೆಗಳ ಕಾಲ ನಾವು ತೂಗಿ ಅಳೆದು ಆರಿಸಿದ ವರಸೆಗಳೆಲ್ಲ, ನಾವು ಆರಿಸದ ಒಂದು ನಿಲುವಿನ ಮೇಲೆ ನಿಂತಿದ್ದುವು. ಸತ್ತ ನಾಯಕನು ಪ್ರೇತಲೋಕದಲ್ಲಿ ಅಲೆದು, ತನ್ನ ಕುಲದವರ ಹಾಳುಬಿದ್ದ ಆಶ್ರಮದಲ್ಲಿ ಮತ್ತೆ ದೇಹವನ್ನು ಪಡೆದು, ಗುರುವನ್ನು ಎದುರಿಸಲು ಹಿಂದಿರುಗುತ್ತಾನೆ. ಕೈಯಲ್ಲಿರುವುದು ಅವೇ ವರಸೆಗಳು.

ಗುರುವಿನ ಪೆಟ್ಟು ಬಿದ್ದ ರಾತ್ರಿ ಹುಡುಗನು ಬಹಳ ಹೊತ್ತು ಸುಮ್ಮನೆ ಕುಳಿತಿದ್ದನು. ಒಳಗಿನಿಂದ ನನ್ನ ಹೆಂಡತಿಯು ದೀಪವನ್ನು ಆರಿಸಿರೆಂದು ಎರಡು ಸಲ ಕೂಗಿದಳು. "ನಾನು ದೊಣ್ಣೆ ತೆಗೆದುಕೊಂಡಿದ್ದರೂ ಹೀಗೆಯೇ ಆಗುತ್ತಿತ್ತೆ ಮಾವ?" ಎಂದು ಕೇಳಿದನು. "ಹೀಗೆಯೇ ಆಗುತ್ತಿತ್ತು" ಎಂದೆನು. ತರುವಾಯ, ನಗುತ್ತ, ಆದರೆ ಪೂರ್ತಿ ನಗೆಯಲ್ಲ, "ನನಗೆ ಲೆಕ್ಕ ಕಲಿಸಿದವರು ನೀವು. ಎಲ್ಲಿಟ್ಟಿದ್ದೀರಿ, ಈಗಲೇ ಹೇಳಿಬಿಡಿ" ಎಂದನು.

ನಾನು ಯೋಚಿಸಿದೆನು. ಅವನು ಎಂಟು ವರ್ಷದವನಾಗಿದ್ದಾಗಿನಿಂದ ಪ್ರತಿ ರಜದಲ್ಲಿಯೂ ಅವನಿಗೆ ಲೆಕ್ಕವನ್ನು ಹೇಳಿಕೊಟ್ಟವನು ನಾನೇ. ಅವನು ತಪ್ಪಾದ ಉತ್ತರವನ್ನು ತಂದಾಗಲೆಲ್ಲ ಪೆನ್ಸಿಲನ್ನು ಅವನ ಕೈಯಿಂದ ತೆಗೆದುಕೊಂಡು ನಾನೇ ಸರಿಪಡಿಸಿಬಿಡುತ್ತಿದ್ದೆನು; ಹುಡುಗನು ಬೇಗ ಊಟಕ್ಕೇಳಲೆಂದು. ಅವನಿಗೆ ಇಂದಿಗೂ ಉತ್ತರವನ್ನು ಬರೆಯುವ ಮೊದಲು ಪಕ್ಕಕ್ಕೆ ತಿರುಗಿ ಯಾರದಾದರೂ ಮುಖವನ್ನು ನೋಡುವ ಅಭ್ಯಾಸವಿದೆ.

"ಬೇಕೆಂದು ಯಾವುದನ್ನೂ ಇಡಲಿಲ್ಲ" ಎಂದೆನು. ಅವನು ತಲೆಯಾಡಿಸಿದನು.

ಮರುದಿನ ಬೆಳಿಗ್ಗೆ ತಿಂಡಿಯ ಹೊತ್ತಿಗೆ ಅವನ ತಂದೆಯು ಫೋನು ಮಾಡಿ, ಕಾಲೇಜಿನ ವಿಷಯ ಏನಾಯಿತು, ಯಾವ ವಿದ್ಯೆ ಹಿಡಿಯಬೇಕೆಂದು ನಿಮ್ಮ ಅಭಿಪ್ರಾಯ ಎಂದು ನನ್ನನ್ನು ಕೇಳಿದರು. ನಾನು ಫೋನನ್ನು ಹುಡುಗನ ಕೈಗೆ ಕೊಟ್ಟು, ಅವನು ನನ್ನ ಮುಖವನ್ನು ನೋಡದಂತೆ ಎದ್ದು ಹಿತ್ತಲಿಗೆ ಹೋದೆನು. ಮಾತು ಅರ್ಧ ಗಂಟೆ ನಡೆಯಿತು. ಏನೆಂದು ನಾನು ಕೇಳಲಿಲ್ಲ, ಅವನೂ ಹೇಳಲಿಲ್ಲ. ಸಂಜೆ ಪಕ್ಕದ ಕೋಣೆಯಲ್ಲಿ ಖಣಖಣಶಬ್ದವು ಮತ್ತೆ ಕೇಳಿಬಂದಿತು. ಇಣಿಕಿ ನೋಡಿದರೆ ಎರಡು ಹೊಳೆಯ ಶಾಲೆ, ಅದೇ ಅಂಗಳ. ನಾಯಕನ ಕೈಯಲ್ಲಿ ಈ ಸಲ ದೊಣ್ಣೆಯಿತ್ತು.